ಉದ್ದ ದರ್ಜಿಯ ಅಂಗಡಿಗೆ ದಾರಿ

ಹೇಸ್, ಮಿಡ್ಲ್‌ಸೆಕ್ಸ್
8 ಸೆಪ್ಟೆಂಬರ್ 2003, ತೆನೆ ಹಬ್ಬ

ಪ್ರೀತಿಯ ಅನ್ನೆಟ್ ಬಾಯ್‌ಗೆ,

ನಿನ್ನ ಚಿಕ್ಕಪ್ಪ ವ್ಯಾಲಿ ಬಾಪ್ಪುವಿನ ಆಶೀರ್ವಾದ. ಇಲ್ಲಿ ನಾನೂ ನಿನ್ನ ಪೆಟ್ರೀಷಿಯಾ ಮಾವ್ಶಿಯೂ ಕ್ಷೇಮ, ನನ್ನ ಬಲ ಮೊಣಕಾಲು ಒಂದನ್ನು ಬಿಟ್ಟು. ಬೆಳಿಗ್ಗೆ ಇಗರ್ಜಿಯಿಂದ ತೆನೆ ತಂದೆವು. ಯಾರೋ ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದದ್ದು. ಮನೆಗೊಂದೇ ತೆನೆ ಎಂದು ಪಾದ್ರಿಗಳು ಮೊದಲೇ ಹೇಳಿಬಿಟ್ಟಿದ್ದರು. ನಾನು ಎರಡು ತಂದೆ. ನಿನ್ನ ಪಾಲಿನ ಏಳು ಕಾಳು ಈ ಕಾಗದದೊಳಗೆ ಉಂಟು. ಸಿಪ್ಪೆ ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಊಟಕ್ಕೆ ಮೊದಲು ಕುಡಿ.

ಹೇಸ್‌ನಿಂದ ನಿನ್ನ ರಾಮ್‌ಫರ್ಡಿಗೆ ಟ್ರೈನಿನಲ್ಲಿ ಎರಡು ಗಂಟೆ, ಫೋನಿನಲ್ಲಿ ಎರಡು ಕ್ಷಣ. ಹಾಗಿರುವಾಗ ಬಾಪ್ಪು ಕಾಗದ ಬರೆಯಲು ಕೂತಿದ್ದಾನೆಂದರೆ ಯಾರೋ ಸತ್ತಿರಬೇಕು ಎಂದು ಹೆದರಬೇಡ. ಯಾರೂ ಸತ್ತಿಲ್ಲ. ತೊಂದರೆ ಇರುವುದೇ ಅಲ್ಲಿ. ಫೋನಿನಲ್ಲಾದರೆ ನೀನು ನಡುವೆ ಪ್ರಶ್ನೆ ಕೇಳುತ್ತೀ, ನಾನು ಅಲ್ಲಲ್ಲೇ ಹೊಸ ಸುಳ್ಳು ಹುಟ್ಟಿಸುತ್ತೇನೆ. ಕೊಂಕಣಿಯಲ್ಲಿ ನನಗೆ ಸುಳ್ಳು ಸಲೀಸು, ಇಂಗ್ಲಿಷಿನಲ್ಲಿ ಇನ್ನೂ ಸಲೀಸು. ಕನ್ನಡವನ್ನು ಮಾತ್ರ ಏಳನೆಯ ತರಗತಿಯವರೆಗೆ ವೀರಣ್ಣ ಮೇಷ್ಟ್ರ ಬೆತ್ತದ ಕೆಳಗೆ ಕಲಿತದ್ದು. ಈ ಅಕ್ಷರಗಳಲ್ಲಿ ಸುಳ್ಳು ಬರೆಯಲು ಹೊರಟರೆ ಈಗಲೂ ಅಂಗೈ ಉರಿಯುತ್ತದೆ. ಆದ್ದರಿಂದ ಕನ್ನಡ.

ಅಕ್ಟೋಬರ್ ನಾಲ್ಕರ ನಿನ್ನ ಟಾಂಜಾನಿಯಾ ಟಿಕೆಟ್ಟನ್ನು ಕ್ಯಾನ್ಸಲ್ ಮಾಡಬೇಡ. ಮೊದಲು ಈ ಮಾತು. ಎರಡನೆಯದು, ನಾನು ಹೇಳಿದ ಬಸ್ಸು, ನಾನು ಹೇಳಿದ ವಸತಿಗೃಹ, ನಾನು ಹೇಳಿದ ಮೂರು ಗಂಟೆಯ ದಾರಿ ಎಲ್ಲವನ್ನೂ ನಿನ್ನ ನೋಟ್‌ಬುಕ್ಕಿನಿಂದ ಹೊಡೆದುಹಾಕು. ಸರಿಯಾದದ್ದನ್ನು ಕೆಳಗೆ ಬರೆದಿದ್ದೇನೆ. ಇದು ಗ್ಯಾರಂಟಿ. ನಾನೇ ಸ್ವತಃ ಹೋಗಿ ಬಂದಿದ್ದೇನೆ. ಕಳೆದ ತಿಂಗಳು. ಮೊದಲನೆಯ ಸಲ.

ಹೌದು ಮಾರಾಯ್ತಿ, ಮೊದಲನೆಯ ಸಲ. ತಬೋರಾ ಊರಿನಲ್ಲಿ ನಾಲ್ಕು ವರ್ಷ ಹೊಲಿಗೆ ಅಂಗಡಿ ಇಟ್ಟವನು ನಾನಲ್ಲ. ಶಾಲೆಯೊಂದಕ್ಕೆ ಹನ್ನೊಂದು ದಿನದಲ್ಲಿ ಇನ್ನೂರ ನಲವತ್ತು ಯೂನಿಫಾರ್ಮ್ ಹೊಲಿದುಕೊಟ್ಟವನು ನಾನಲ್ಲ. ಊರವರೆಲ್ಲ ಉದ್ದ ದರ್ಜಿ ಎಂದು ಕರೆಯುತ್ತಿದ್ದದ್ದೂ ನನ್ನನ್ನಲ್ಲ. ಇಷ್ಟು ಗಿಡ್ಡ ಇರುವ ನಿಮ್ಮನ್ನು ಹಾಗೆ ಯಾಕೆ ಕರೆದರು ಎಂದು ನೀನು ಏಳು ವರ್ಷದವಳಿರುವಾಗಲೇ ಕೇಳಿದ್ದೆ. ಆಫ್ರಿಕಾದ ಬಿಸಿಲಿಗೆ ಉದ್ದವಾಗಿದ್ದೆ, ಊರಿನ ಮಳೆಗೆ ಮುದುಡಿದೆ ಎಂದಿದ್ದೆ. ಇಲ್ಲಿ ಹೇಸ್‌ನಲ್ಲಿ ಜನ ಕೇಳಿದಾಗ ಲಂಡನ್ನಿನ ಚಳಿಗೆ ಎಂದು ತಿದ್ದಿಕೊಂಡೆ.

ಉದ್ದ ದರ್ಜಿ ನಿನ್ನ ಅಪ್ಪ. ನನ್ನ ಅಣ್ಣ ಡೊನಾಲ್ಡ್.

ಅಪ್ಪ ಬೊಂಬಾಯಿಯಲ್ಲಿ ಹಡಗು ಹತ್ತಿ ಕಾಣೆಯಾದ ಎಂದು ನಿನಗೆ ಹೇಳಿದ್ದು ಅರ್ಧ ನಿಜ. ಹಡಗು ಹತ್ತಿದ್ದು ಹೌದು, ಅದು ದಾರ್ ಎಸ್ ಸಲಾಮಿಗೆ ಹೋಗುವ ಹಡಗು. ನೀನು ಆಗ ಮೂರು ತಿಂಗಳ ಕೂಸು. ನಾಲ್ಕು ವರ್ಷ ತಿಂಗಳಿಗೊಂದು ಕಾಗದ ಬಂತು. ಅಜ್ಜಿಗೆ ಓದು ಬಾರದು, ನಿನ್ನ ಅಮ್ಮನಿಗೆ ಅತ್ತೆಯ ಎದುರು ಗಂಡನ ಕಾಗದ ಓದಲು ನಾಚಿಕೆ. ಓದುವವನು ನಾನು. ಒಂದೊಂದು ಕಾಗದವನ್ನು ಮೂರು ಸಲ ಓದಿಸುತ್ತಿದ್ದಳು ಅಜ್ಜಿ, ನನಗೆ ಎಲ್ಲ ಬಾಯಿಪಾಠ. 1970ರಲ್ಲಿ ಬಂದ ಕಾಗದವನ್ನು ಮಾತ್ರ ಒಂದೇ ಸಲ ಓದಿದೆ. ಅಲ್ಲಿ ಫೆಲಿಸ್ತಾ ಎಂಬ ಹೆಂಗಸಿನ ಜೊತೆ ಮನೆ ಮಾಡಿದ್ದೇನೆ, ಒಂದು ಗಂಡುಮಗು ಆಗಿದೆ, ಸುಳ್ಳು ಹೇಳಿ ಬದುಕಲಾರೆ ಎಂದು ಬರೆದಿದ್ದ. ಅಜ್ಜಿ ಎಲ್ಲ ಕಾಗದಗಳನ್ನೂ ಬಚ್ಚಲ ಒಲೆಗೆ ಹಾಕಿದಳು. ಇನ್ನು ಈ ಮನೆಯಲ್ಲಿ ಅವನ ಹೆಸರು ಎತ್ತಬಾರದು ಎಂದಳು. ಸತ್ತ ಎಂದು ಹೇಳೋಣವೇ ಎಂದು ನಾನು ಕೇಳಿದೆ. ಸತ್ತ ಎಂದರೆ ಇಗರ್ಜಿಯಲ್ಲಿ ಸತ್ತವರ ಪೂಜೆ ಹೇಳಿಸಬೇಕು, ಬದುಕಿರುವವನಿಗೆ ಹಾಗೆ ಹೇಳಿಸುವುದು ದೊಡ್ಡ ಪಾಪ, ಕಾಣೆಯಾದ ಎಂದರೆ ಯಾವ ಪೂಜೆಯೂ ಬೇಡ ಎಂದು ಅವಳೇ ದಾರಿ ಹುಡುಕಿದಳು. ನಿನ್ನ ಅಮ್ಮ ಸಾಯುವವರೆಗೂ ಕರಿಮಣಿ ತೆಗೆಯಲಿಲ್ಲ. ಹಡಗಿನ ದಾರಿ ಕಾಯುತ್ತಿದ್ದಾಳೆ ಎಂದು ಊರು ತಿಳಿಯಿತು.

ಆಗ ನಿನಗೆ ನಾಲ್ಕು ವರ್ಷ. ಅಪ್ಪನ ಹೆಸರು ಎತ್ತುವಂತಿಲ್ಲ, ಕಥೆಗಳು ಮಾತ್ರ ನನ್ನ ತಲೆಯೊಳಗೆ ಸಾಲಾಗಿ ನಿಂತಿವೆ. ಆದ್ದರಿಂದ ‘ಅವನು’ ಎನ್ನುವ ಕಡೆಯೆಲ್ಲ ‘ನಾನು’ ಹಾಕಿದೆ. ಅಷ್ಟೇ ಮಾಡಿದ್ದು. ಅಜ್ಜಿ ಜಗಲಿಯಲ್ಲಿ ಹಲಸಿನ ಬೀಜ ಬಿಡಿಸುತ್ತಾ ಕೇಳುತ್ತಿದ್ದಳು, ತಡೆಯಲಿಲ್ಲ. ಒಂದು ದಿನ ನಾನು ಇನ್ನೂರು ಯೂನಿಫಾರ್ಮ್ ಎಂದಾಗ ತಲೆಯೆತ್ತದೆ, ಇನ್ನೂರ ನಲವತ್ತು, ಎಂದಳು. ಮತ್ತೆ ಬೀಜ ಬಿಡಿಸಿದಳು.

ಮೊದಲು ನಿನಗಾಗಿ ಹೇಳಿದೆ, ಇದು ಸತ್ಯ. ಲಂಡನ್ನಿಗೆ ಬಂದ ಮೇಲೆ ಚಪ್ಪಾಳೆಗಾಗಿ ಹೇಳಿದೆ, ಇದೂ ಸತ್ಯ. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಬ್ರೆಡ್ಡನ್ನು ಚೀಲಕ್ಕೆ ತುಂಬಿದವನ ಬಾಯಲ್ಲಿ ಕಥೆ ಏನಿರುತ್ತದೆ ಹೇಳು? ಚಂದ್ರಶೇಖರ್ ಡಾಕ್ಟರರಂಥ ಧಾರವಾಡದ ದೊಡ್ಡ ಮನುಷ್ಯರು ಕೂಡ ಪಾರ್ಟಿಯಲ್ಲಿ ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು, ಆ ಸಿಂಹದ್ದೊಂದು ಹೇಳ್ರೀ ವ್ಯಾಲಿ, ಎನ್ನುತ್ತಿದ್ದರು. ಹೇಳುತ್ತಿದ್ದೆ.

ಈಸ್ಟರ್ ಊಟದ ದಿನ ನೀನು ಎಲ್ಲರ ಎದುರು ಏನೆಂದೆ, ನೆನಪಿದೆಯಾ? ಬಾಪ್ಪುವಿಗೆ ಬರುವ ಫೆಬ್ರವರಿ ಹದಿನಾಲ್ಕಕ್ಕೆ ಅರವತ್ತು ತುಂಬುತ್ತದೆ, ನಾನು ರಜೆಯಲ್ಲಿ ತಬೋರಾಕ್ಕೆ ಹೋಗಿ ಅವರ ಅಂಗಡಿಯ ಫೋಟೋ ತೆಗೆದು ಫ್ರೇಮ್ ಹಾಕಿಸುತ್ತೇನೆ, ಫ್ಲ್ಯಾಟಿಗೆ ಹಣ ಕೂಡಿಸುತ್ತಿರುವುದರಿಂದ ಕಡಿಮೆ ಖರ್ಚಿನ ದಾರಿಯನ್ನು ಬಾಪ್ಪುವೇ ಹೇಳಿಕೊಡಬೇಕು, ಎಂದೆ. ಎಲ್ಲರೂ ಕೈತಟ್ಟಿದರು. ನಾನೂ ತಟ್ಟಿದೆ. ಅಡ್ರೆಸ್ಸು ಗೊತ್ತಿಲ್ಲದಿದ್ದರೆ ಏನು, ಉದ್ದ ದರ್ಜಿಯ ಅಂಗಡಿ ಎಲ್ಲಿತ್ತು ಎಂದು ಮಾರ್ಕೆಟ್ಟಿನಲ್ಲಿ ಕೇಳುತ್ತೇನೆ ಎಂದೆ ನೋಡು, ಆಗ ನನ್ನ ಗಂಟಲಿನಲ್ಲಿ ಹಂದಿಮಾಂಸ ಸಿಕ್ಕಿಕೊಂಡಿತು. ಏಕೆಂದರೆ ಡೊನಾಲ್ಡ್ ಬದುಕಿದ್ದರೆ, ಹಾಗೆ ಕೇಳಿದ ಐದು ನಿಮಿಷಕ್ಕೆ ಯಾರಾದರೂ ನಿನ್ನ ಕೈಹಿಡಿದು ಅವನ ಎದುರು ನಿಲ್ಲಿಸಿಬಿಡುತ್ತಿದ್ದರು. ನಿನಗೆ ಅವನು ಯಾರೆಂದು ಗೊತ್ತಿಲ್ಲ, ಅವನಿಗೆ ನೀನು ಯಾರೆಂದು ಗೊತ್ತಿಲ್ಲ, ಇಬ್ಬರ ಎತ್ತರವೂ ಮೂಗೂ ಒಂದೇ.

ಆದ್ದರಿಂದ ನಿನಗಿಂತ ಮೊದಲು ನಾನು ಹೋದೆ. ಮನೆಯಲ್ಲಿ ಲೂರ್ದ್ ಮಾತೆಯ ಯಾತ್ರೆ ಎಂದು ಹೇಳಿದ್ದೆ. ಆದರೆ ಪೀತ ಜ್ವರದ ಚುಚ್ಚುಮದ್ದಿಗೆಂದು ಜಿಪಿ ಡಾಕ್ಟರರ ಹತ್ತಿರ ಹೋಗಿದ್ದೆನಲ್ಲ, ಅಲ್ಲಿಯ ಹುಡುಗಿ ಮನೆಗೆ ಫೋನು ಮಾಡಿ ಸರ್ಟಿಫಿಕೇಟು ರೆಡಿ ಎಂದಿದ್ದಾಳೆ. ಪೆಟ್ರೀಷಿಯಾ ನನ್ನ ಚೀಲವನ್ನು ತಾನೇ ತುಂಬಿಸಿದಳು. ದಾರ್‌ನಲ್ಲಿ ಚೀಲ ಬಿಚ್ಚಿದರೆ ಮಲೇರಿಯಾ ಮಾತ್ರೆ, ಭೇದಿಯ ಪುಡಿ, ಜೊತೆಗೊಂದು ಚೀಟಿ: ‘ಲೂರ್ದ್‌ನಲ್ಲಿ ಸೊಳ್ಳೆ ಜಾಸ್ತಿಯಂತೆ.’ ನಾನು ಆಫ್ರಿಕಾ ನೋಡಿದವನಲ್ಲ ಎಂದು ಅವಳಿಗೆ ಮದುವೆಯ ವರ್ಷವೇ ಗೊತ್ತಿತ್ತು.

ಈಗ ದಾರಿ. ಗಮನವಿಟ್ಟು ಓದು, ಇದರಲ್ಲಿ ಸಿಂಹ ಇಲ್ಲ.

ಸೌತ್‌ಹಾಲ್ ಬ್ರಾಡ್‌ವೇಯಲ್ಲಿ ನನಗೆ ಸಿಕ್ಕಿದ ಅಗ್ಗದ ಟಿಕೆಟ್ಟು ಎರಡು ಕಡೆ ವಿಮಾನ ಬದಲಿಸುವಂಥದ್ದು. ಕುರ್ಚಿಯ ಮೇಲೆ ಒಂಬತ್ತು ಗಂಟೆ ಕೂತು ಮೊಣಕಾಲು ಹೋದದ್ದು ಅಲ್ಲೇ. ನಿನ್ನದು ಒಂದೇ ಕಡೆ ಬದಲಿಸುವುದು, ಒಳ್ಳೆಯದು. ದಾರ್‌ನಲ್ಲಿ ಇಳಿದ ಮೇಲೆ ಟ್ಯಾಕ್ಸಿಯವರು ಸುತ್ತಿಕೊಳ್ಳುತ್ತಾರೆ. ಹೊರಗಿನ ರಸ್ತೆಗೆ ನಡೆದರೆ ದಲಾದಲಾ ಎಂಬ ಸಣ್ಣ ಬಸ್ಸು ಸಿಗುತ್ತದೆ, ನಮ್ಮ ಉಡುಪಿಯ ಸರ್ವಿಸ್ ಬಸ್ಸಿನ ತಮ್ಮ ಎಂದು ತಿಳಿ. ಕಂಡಕ್ಟರ್ ಬಾಗಿಲಲ್ಲೇ ನೇತಾಡುತ್ತಾನೆ, ಬಸ್ಸಿನ ಮೈಗೆ ಬಡಿಯುತ್ತಾನೆ. ಹತ್ತಿದ ಕೂಡಲೆ ನನಗೆ ಊರಿಗೆ ಬಂದ ಹಾಗಾಯಿತು. ಚೀಲವನ್ನು ಮಡಿಲಲ್ಲೇ ಇಟ್ಟುಕೋ.

ಕರಿಯಾಕೂ ಮಾರ್ಕೆಟ್ಟಿನ ಹಿಂದೆ ಅಗ್ಗದ ರೂಮುಗಳು ಉಂಟು. ಸೊಳ್ಳೆಪರದೆ ಇರುತ್ತದೆ, ಪರದೆಯಲ್ಲಿ ತೂತೂ ಇರುತ್ತದೆ. ಸೂಜಿದಾರ ತೆಗೆದುಕೊಂಡು ಹೋಗು. ನಾನು ಕೂತು ಹನ್ನೆರಡು ತೂತು ಹೊಲಿದೆ. ಆಫ್ರಿಕಾದಲ್ಲಿ ಹೊಲಿಗೆ ಕೆಲಸ ಮಾಡಿದ್ದೇನೆ ಎಂದು ಇನ್ನು ಮೇಲೆ ಧೈರ್ಯವಾಗಿ ಹೇಳಬಹುದು. ಅವರು ಹೋಟೆಲಿ ಎನ್ನುವುದು ನಮ್ಮ ಊರಿನ ಹೋಟೆಲಿನ ಹಾಗೆ, ಊಟದ ಜಾಗ. ಅನ್ನ ಮತ್ತು ಹುರುಳಿಕಾಯಿ ಬೀಜದ ಸಾರು ಕೇಳು, ಎಲ್ಲೂ ಮೋಸ ಇಲ್ಲ. ಚಪಾತಿ ಸಿಗುತ್ತದೆ, ಚಾಯ್ ಸಿಗುತ್ತದೆ. ಹಿರಿಯರನ್ನು ಕಂಡರೆ ಶಿಕಾಮೂ ಎನ್ನಬೇಕು, ಅವರು ಮರಹಬಾ ಎನ್ನುತ್ತಾರೆ. ಈ ಒಂದು ಮಾತಿಗೆ ನನಗೆ ಮೂರು ಕಡೆ ಕೂರಲು ಸ್ಟೂಲು ಸಿಕ್ಕಿತು.

ತಬೋರಾಕ್ಕೆ ಟ್ರೈನು. ಮೂರು ಗಂಟೆಯಲ್ಲ, ಒಂದು ಪೂರ್ತಿ ದಿನಕ್ಕಿಂತ ಹೆಚ್ಚು. ನಾನು ಮೂರನೆಯ ಕ್ಲಾಸಿನಲ್ಲಿ ಹೋದೆ. ನೀನು ಹಾಗೆ ಮಾಡಬೇಡ, ಹೆಂಗಸರಿಗೆ ಎರಡನೆಯ ಕ್ಲಾಸಿನಲ್ಲಿ ಬೇರೆ ಕೋಣೆ ಉಂಟು, ಮೂರು ದಿನ ಮೊದಲೇ ಸ್ಟೇಷನ್ನಿಗೆ ಹೋಗಿ ಬರೆಸು. ನಿಂತಲ್ಲೆಲ್ಲ ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಕಬ್ಬು ಕಿಟಕಿಗೇ ಬರುತ್ತದೆ. ಮೊಟ್ಟೆಗೆ ಉಪ್ಪನ್ನು ಬೇರೆ ಕಾಗದದಲ್ಲಿ ಕಟ್ಟಿ ಕೊಡುತ್ತಾರೆ, ಬಿಸಾಡಬೇಡ. ನಾನು ಕಾರ್ಖಾನೆಯ ನಾಲ್ಕು ಬ್ರೆಡ್ಡು ಹೊತ್ತುಕೊಂಡು ಹೋಗಿದ್ದೆ. ಎದುರು ಕೂತ ಅಜ್ಜಿಯೊಬ್ಬಳಿಗೆ ಎರಡು ತುಂಡು ಕೊಟ್ಟೆ, ಅವಳು ಮೂಸಿ ನೋಡಿ ಮೊಮ್ಮಗನಿಗೆ ದಾಟಿಸಿ ನನಗೆ ಬೇಯಿಸಿದ ಗೆಣಸು ಕೊಟ್ಟಳು. ಇಪ್ಪತ್ತೈದು ವರ್ಷದ ಬ್ರೆಡ್ಡಿಗೆ ಸಿಕ್ಕಿದ ನಿಜವಾದ ಬೆಲೆ ಅದು. ಆನೆಯೂ ಕಾಣಲಿಲ್ಲ. ಒಣ ಬಯಲು, ಮುಳ್ಳುಗಿಡ, ಮತ್ತೆ ಬಯಲು.

ತಬೋರಾದಲ್ಲಿ ಸ್ಟೇಷನ್ನಿನಿಂದ ಪೇಟೆಗೆ ಮಾವಿನ ಮರಗಳ ರಸ್ತೆ. ಅದು ನಿನ್ನ ಅಪ್ಪ ಬರೆದ ಹಾಗೇ ಉಂಟು. ನೋಡಿದಾಗ ಮೊದಲೇ ಬಂದಿದ್ದೇನೆ ಎಂದು ನನಗೇ ಅನಿಸಿತು. ಜೇನು ಮಾರುವವಳೊಬ್ಬಳ ಹತ್ತಿರ, ಇಂಗ್ಲಿಷು, ಕೈಸನ್ನೆ ಎರಡೂ ಸೇರಿಸಿ, ಉದ್ದ ದರ್ಜಿ ಎಂದು ಕೇಳಿದೆ. ಒಂದು ಕೈಯನ್ನು ತಲೆಯ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಹೊಲಿಗೆ ಯಂತ್ರ ತಿರುಗಿಸಿ ತೋರಿಸಿದೆ. ಅವಳು ಜೇನಿನ ಬಾಟಲಿಗಳನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದೇ ಬಂದಳು. ನಾಲ್ಕು ನಿಮಿಷ. ನಾನು ಐದು ಎಂದುಕೊಂಡಿದ್ದೆ.

ನೀಲಿ ಬಾಗಿಲು. ಒಳಗೆ ಅವನು ಬಗ್ಗಿ ಕಾಜ ಹೊಲಿಯುತ್ತಿದ್ದ. ಮೂವತ್ತೇಳು ವರ್ಷವಾಗಿತ್ತು. ತಲೆ ಪೂರ್ತಿ ಬಿಳಿ. ಅವನು ತಲೆಯೆತ್ತಿದವನು ಮೊದಲು ನನ್ನ ಪ್ಯಾಂಟನ್ನು ನೋಡಿದ. ಅದು ಹಿಮ್ಮಡಿಯ ಕೆಳಗೆ ನೆಲ ಗುಡಿಸುತ್ತಿತ್ತು. ಆಮೇಲೆ ಮುಖ ನೋಡಿದ.

“ಎರಡು ಇಂಚು ಮಡಚಬೇಕು, ವ್ಯಾಲಿ,” ಎಂದ.

ಕೊಂಕಣಿಯಲ್ಲೇ. ತುಕ್ಕು ಹಿಡಿದ ಕೊಂಕಣಿ.

ಫೆಲಿಸ್ತಾ ಒಳ್ಳೆಯ ಹೆಂಗಸು, ಕಾಲು ಊದಿಕೊಳ್ಳುತ್ತದೆ, ನೀನು ನೋಡಿದರೆ ಗೊತ್ತಾದೀತು. ಮಗ ಇನ್ನೊಂದು ಊರಿನಲ್ಲಿ ಮೇಷ್ಟ್ರು, ಲೆಕ್ಕ ಹೇಳಿಕೊಡುತ್ತಾನೆ. ಮನೆಯಲ್ಲಿ ಒಬ್ಬರಿಗಾದರೂ ಲೆಕ್ಕ ಬಂತಲ್ಲ. ಮೂರು ದಿನ ಅಲ್ಲಿದ್ದೆ, ಖರ್ಚಿಲ್ಲ. ಅವನ ಕಥೆಗಳನ್ನೆಲ್ಲ ನನ್ನವೆಂದು ಹೇಳಿಕೊಂಡು ತಿರುಗಿದ್ದನ್ನು ಒಪ್ಪಿಕೊಂಡೆ. ಸಿಟ್ಟಾಗಲಿಲ್ಲ. ಒಂದೊಂದನ್ನೂ ಹೇಳಿಸಿ ಕೇಳಿದ, ಅಜ್ಜಿಯ ಹಾಗೆ. ಕೊನೆಗೆ, ಉಳಿದದ್ದೆಲ್ಲ ಸರಿ, ಸಿಂಹವನ್ನು ಯಾಕೆ ಸೇರಿಸಿದೆ, ಎಂದ.

ಗೋಡೆಯಲ್ಲಿ ಮರಿಯಮ್ಮನವರ ಪಟದ ಕೆಳಗೆ ಒಂದು ಸಣ್ಣ ಸೀಸೆ, ಅದರಲ್ಲಿ ಭತ್ತದ ಕಾಳು. ಅದರ ಕಥೆಯನ್ನೂ ನೀನು ತಿಳಿಯಬೇಕು. ಹೆಸರು ಎತ್ತಬಾರದು ಎಂದ ಅಜ್ಜಿ ಪ್ರತಿ ತೆನೆ ಹಬ್ಬಕ್ಕೆ ಏಳು ಕಾಳನ್ನು ಲಕೋಟೆಗೆ ಹಾಕಿ, ಒಂದು ಅಕ್ಷರವನ್ನೂ ಬರೆಸದೆ, ನನ್ನ ಕೈಗೆ ಕೊಡುತ್ತಿದ್ದಳು. ಊರಿನ ಅಂಚೆಯಲ್ಲಿ ಹಾಕಿದರೆ ಸುದ್ದಿಯಾಗುತ್ತದೆಂದು ನಾನು ಸೈಕಲ್ಲಿನಲ್ಲಿ ಉಡುಪಿಗೆ ಹೋಗಿ ಹಾಕಿ ಬರುತ್ತಿದ್ದೆ. ನಾನು ಲಂಡನ್ನಿಗೆ ಬಂದ ಮೇಲೆ ನನ್ನ ಪಾಲಿನ ಲಕೋಟೆಯೊಳಗೆ ಅವನ ಲಕೋಟೆಯೂ ಬರುತ್ತಿತ್ತು, ನಾನು ಇಲ್ಲಿಂದ ಕಳಿಸುತ್ತಿದ್ದೆ. 1986ರಿಂದ ನಿಲ್ಲಿಸಿದೆ. ಆ ವರ್ಷ ನಾವು ಸೌತ್‌ಹಾಲ್ ಬಿಟ್ಟು ಹೇಸ್‌ಗೆ ಬಂದದ್ದು, ಸಾಮಾನು ಸಾಗಿಸುವಾಗ ಅಡ್ರೆಸ್ಸು ಬರೆದ ಪುಸ್ತಕ ಕಳೆದುಹೋಯಿತು. ಅವನ ಪಾಲಿನ ಕಾಳನ್ನೂ ನಾನೇ ತಿಂದೆ. ಬಿಸಾಡಬಾರದಲ್ಲ.

ಅವನು ಆ ಸೀಸೆ ನೋಡುತ್ತಾ, ಅಮ್ಮ ಎಂಬತ್ತಾರರಲ್ಲಿ ಹೋದಳಲ್ಲ, ಎಂದ. ಯಾರು ಹೇಳಿದರು ಎಂದೆ. ಯಾರು ಹೇಳಬೇಕು, ಕಾಳು ಬರಲಿಲ್ಲ, ಅವಳು ಬದುಕಿದ್ದರೆ ಕಾಳು ತಪ್ಪುತ್ತಿರಲಿಲ್ಲ, ಎಂದ. ಆ ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿಯ ಇಗರ್ಜಿಯಲ್ಲಿ ಅವಳ ಆತ್ಮಕ್ಕೆ ಸತ್ತವರ ಪೂಜೆ ಹೇಳಿಸುತ್ತಿದ್ದಾನೆ. ಅಜ್ಜಿ ಸತ್ತದ್ದು ತೊಂಬತ್ತೊಂದರಲ್ಲಿ, ನೀನೇ ಅವಳ ಕಣ್ಣು ಮುಚ್ಚಿಸಿದವಳು. ಐದು ವರ್ಷ ಬದುಕಿರುವವಳಿಗೆ ಸತ್ತವರ ಪೂಜೆ ಆಗಿದೆ. ಮಗನಿಗೆ ಅದಾಗಬಾರದೆಂದು ಸುಳ್ಳು ಹುಡುಕಿದವಳಿಗೆ. ನಾನು ಹೇಳಿದಾಗ ಅವನು ಕತ್ತರಿಯನ್ನು ಮೇಜಿನ ಮೇಲಿಟ್ಟ. ಆಮೇಲೆ, ಐದು ಪೂಜೆ ಮುಂಗಡ ಆಯಿತು ಬಿಡು, ಎಂದ.

ನಾನು ಹೋದದ್ದು ಇನ್ನೊಂದು ಕೆಲಸಕ್ಕೆ, ಅದನ್ನೂ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ ಎರಡು ವಾರ ಅಂಗಡಿ ಮುಚ್ಚಿ ಮಗನ ಊರಿಗೆ ಹೋಗಿರು, ಅನ್ನೆಟ್ ಬಂದು ಮುಚ್ಚಿದ ಬಾಗಿಲಿನ ಫೋಟೋ ತೆಗೆದುಕೊಂಡು ಹೋಗಲಿ, ಎಂದು ಅವನನ್ನು ಕೇಳಿದೆ. ನನ್ನ ಆಫ್ರಿಕಾ ಉಳಿಯಲಿ ಎಂದು. ಅವನು ಫೆಲಿಸ್ತಾಳಿಗೆ ಅವರ ಭಾಷೆಯಲ್ಲಿ ಅದನ್ನು ಹೇಳಿದ. ಅವಳು ನನಗೆಂದು ತಂದ ಚಾಯ್ ಲೋಟವನ್ನು ಅವನ ಮುಂದೆ ಇಟ್ಟು ಒಳಗೆ ಹೋದಳು.

“ಮುಚ್ಚುವುದಿಲ್ಲ,” ಎಂದ ಡೊನಾಲ್ಡ್. “ಅವಳು ಬಂದರೆ ಗಿರಾಕಿ ಎಂದೇ ತಿಳಿಯುತ್ತೇನೆ. ಅಳತೆ ತೆಗೆದುಕೊಳ್ಳುತ್ತೇನೆ, ಬಟ್ಟೆ ಹೊಲಿದುಕೊಡುತ್ತೇನೆ. ಅವಳಾಗಿ ಅಪ್ಪ ಎನ್ನದೆ ನಾನು ಮಗಳೇ ಎನ್ನುವುದಿಲ್ಲ. ನಾನು ಒಂದು ಸಲ ಕೇಳಿ ಆಗಿದೆ.”

ಆ ಕೊನೆಯ ಮಾತು ಏನೆಂದು ನಾನು ವಿಚಾರಿಸಲಿಲ್ಲ. ಪ್ಯಾಂಟಿನ ಎರಡು ಇಂಚು ಮಡಚಿಸಿಕೊಂಡು ಬಂದೆ.

ಇನ್ನು ನಿನ್ನ ಇಷ್ಟ. ಹೋಗುವುದಾದರೆ ತಬೋರಾದಲ್ಲಿ ಜೇನು ಮಾರುವವಳನ್ನು ಕೇಳು, ದಾರಿ ತಪ್ಪುವುದಿಲ್ಲ. ಬೇಡವೆಂದಾದರೆ ರಾಮ್‌ಫರ್ಡಿನಲ್ಲೇ ಇದ್ದು ನನಗೆ ಬೈದು ಒಂದು ಕಾಗದ ಬರೆ. ಕನ್ನಡದಲ್ಲಿ ಬರೆ, ಬೈಗುಳಕ್ಕೆ ತೂಕ ಬರುತ್ತದೆ. ಅರವತ್ತರ ಪಾರ್ಟಿಗೆ ಹಾಲ್ ಬುಕ್ ಮಾಡಿದ್ದನ್ನು ನಾನು ಬಿಡಿಸಿಲ್ಲ. ಚಂದ್ರಶೇಖರ್ ಡಾಕ್ಟರರು ಸಿಂಹವನ್ನು ಕೇಳಿದರೆ ಅದು ಸತ್ತಿತು ಎಂದು ಹೇಳುವುದೆಂದು ತೀರ್ಮಾನಿಸಿದ್ದೇನೆ.

ಇಂತು ನಿನ್ನ ಗಿ‌ಡ್ಡ ಬಾಪ್ಪು,
ವ್ಯಾಲೆಂಟೈನ್

ತಾ.ಕ.: ಬರೆದದ್ದನ್ನು ಓದಿ ನೋಡಿದೆ, ಅಂಗೈ ಉರಿಯುತ್ತಿದೆ. ಅಡ್ರೆಸ್ಸಿನ ಪುಸ್ತಕ ಕಳೆದಿರಲಿಲ್ಲ. 1986ರ ಜೂನಿನಲ್ಲಿ ತಬೋರಾದಿಂದ ನನ್ನ ವಿಳಾಸಕ್ಕೆ ಒಂದು ಲಕೋಟೆ ಬಂತು. ಒಳಗೆ ನಿನ್ನ ಹೆಸರಿನ ಇನ್ನೊಂದು ಲಕೋಟೆ, ಜೊತೆಗೆ ನನಗೊಂದು ಚೀಟಿ: ‘ಅನ್ನೆಟ್‌ಗೆ ಇಪ್ಪತ್ತಾಯಿತು, ಇದನ್ನು ಅವಳಿಗೆ ತಲುಪಿಸು, ಅವಳು ಒಪ್ಪಿದರೆ ಬಂದು ನೋಡುತ್ತೇನೆ.’ ಅವನದೊಂದು ಕಾಗದ ನಿನಗೆ ಸಿಕ್ಕಿದರೆ ನನ್ನ ಕಥೆಯೆಲ್ಲ ಮುಗಿಯಿತು ಎಂದು ನಾನು ಅದನ್ನು ಕಳಿಸಲಿಲ್ಲ. ಕಾಳು ಕಳಿಸಿದರೆ ಕಾಗದ ಏನಾಯಿತೆಂದು ಕೇಳುತ್ತಾನೆಂದು ಕಾಳನ್ನೂ ನಿಲ್ಲಿಸಿದೆ. ಪೆಟ್ರೀಷಿಯಾಗೂ ಇದು ಗೊತ್ತಿಲ್ಲ. ಕಳೆದ ತಿಂಗಳು ಸ್ಟೇಷನ್ನಿಗೆ ಬಿಡಲು ಬಂದವನು, ಆ ಕಾಗದ ಅವಳಿಗೆ ಸಿಕ್ಕಿತ್ತಾ, ಎಂದು ಕೇಳಿದ. ಸಿಕ್ಕಿತ್ತು, ಉತ್ತರ ಬರೆಯಲು ಅವಳಿಗೆ ಮನಸ್ಸಾಗಲಿಲ್ಲ, ಎಂದು ಹೇಳಿ ಟ್ರೈನು ಹತ್ತಿದೆ. ಲಕೋಟೆಯನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಪರರ ಕಾಗದ ಓದಿಯೇ ಬೆಳೆದವನು ನಾನು, ಇದೊಂದನ್ನು ಓದಿಲ್ಲ. ನೀನೂ ಈಗ ಒಡೆಯಬೇಡ. ಅಂಗಡಿಯ ಒಳಗೆ ಹೋಗಿ, ಅವನು ಅಳತೆಯ ಟೇಪು ಎತ್ತುವ ಮೊದಲು, ಅಂಟು ಬಿಡದ ಅಂಚು ಅವನ ಕಣ್ಣಿಗೆ ಬೀಳುವ ಹಾಗೆ ಮೇಲೆ ಮಾಡಿ ಅವನ ಮೇಜಿನ ಮೇಲಿಡು.